ನಾಳಿನ ನೌಕರಿ ಹೇಳುವವರು ಮತ್ತು ನಿಪ್ಪಾಣಿಯ ಹೆಂಗಸರು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಗಡಿ ತಾಲ್ಲೂಕುಗಳಲ್ಲಿ ಎರಡು ಬಗೆಯ ಸಭೆಗಳು ಹೆಚ್ಚುತ್ತವೆ. ಒಂದು ಮದುವೆ, ಇನ್ನೊಂದು ವೃತ್ತಿ ಮಾರ್ಗದರ್ಶನ ಶಿಬಿರ. ಎರಡೂ ನಡೆಯುವುದು ಅದೇ ಶಾದಿ ಮಹಲಿನಲ್ಲಿ, ಅದೇ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಮುಂದೇನಾಗುವುದೆಂದು ಯಾರಿಗೂ ಗೊತ್ತಿಲ್ಲದಿದ್ದರೂ ಎರಡರಲ್ಲೂ ಎಲ್ಲರೂ ಗೊತ್ತಿರುವವರಂತೆ ಮಾತಾಡುತ್ತಾರೆ. ಕತೆ ಬರೆಯುತ್ತೇವೆ ಎಂಬ ಒಂದೇ ಕಾರಣಕ್ಕೆ ನಮ್ಮನ್ನೂ ಇಂತಹ ಶಿಬಿರಗಳಿಗೆ ಅತಿಥಿಯೆಂದು ಕರೆಯುವುದುಂಟು. ಶಾಲು ಹೊದಿಸುತ್ತಾರೆ, ಎರಡು ಮಾತಾಡಿ ಅನ್ನುತ್ತಾರೆ, ಆಮೇಲೆ ಮುಖ್ಯ ಭಾಷಣಕಾರರಿಗೆ ಮೈಕು ಹೋಗುತ್ತದೆ.

ನಿಪ್ಪಾಣಿಯ ಅಂಥದ್ದೊಂದು ಶಿಬಿರದಲ್ಲಿ ದೊಡ್ಡ ಊರಿನಿಂದ ಬಂದ ಭಾಷಣಕಾರರು ಗೋಡೆಯ ಮೇಲೆ ಬೆಳಕು ಬಿಟ್ಟು, ಮುಂದಿನ ಐದು ವರ್ಷಗಳಲ್ಲಿ ಯಾವ ನೌಕರಿ ಇರುತ್ತದೆ, ಯಾವುದು ಸಾಯುತ್ತದೆ ಎಂದು ಬಣ್ಣದ ಗೆರೆಗಳಲ್ಲಿ ತೋರಿಸುತ್ತಿದ್ದರು. ಕೃತಕ ಬುದ್ಧಿಮತ್ತೆಯ ಗೆರೆ ಸೀದಾ ಮೇಲಕ್ಕೆ ಹೋಗಿತ್ತು. ಹಿಂದಿನ ಸಾಲಿನಲ್ಲಿ ಬುರ್ಖಾ ತೊಟ್ಟ, ಸೆರಗು ಹೊದ್ದ ತಾಯಂದಿರು ಕುಳಿತಿದ್ದರು. ಅವರಲ್ಲಿ ಬಹಳ ಜನರ ಮನೆಯಲ್ಲಿ ಬೀಡಿ ಕಟ್ಟುವ ಮೊರ ಈಗಲೂ ಇದೆ. ಪ್ರಶ್ನೆ ಕೇಳಬಹುದು ಎಂದಾಗ ಒಬ್ಬ ಹೆಂಗಸು ಎದ್ದು ನಿಂತು, ದಖ್ಖನಿಯಲ್ಲಿ, "ಭಾಯ್, ತುಮೇ ಬೋಲೆ ಸೋ ನೈ ಹುವಾ ತೋ ಫೀಸ್ ಕೌನ್ ಭರ್ತೇ?" ಎಂದು ಕೇಳಿದಳು. ನೀವು ಹೇಳಿದಂತೆ ಆಗದಿದ್ದರೆ ಕಟ್ಟಿದ ಫೀಸು ಯಾರು ತುಂಬಿಕೊಡುತ್ತಾರೆ ಎಂದರ್ಥ. ಸಭೆ ನಕ್ಕಿತು. ಭಾಷಣಕಾರರೂ ನಕ್ಕು, ತಾಯಂದಿರು ಸಕಾರಾತ್ಮಕವಾಗಿ ಯೋಚಿಸಬೇಕು ಎಂದರು. ವೇದಿಕೆಯ ಮೇಲೆ ಕೂತಿದ್ದ ನಾವೂ ನಕ್ಕೆವು. ಆ ನಗು ಈಗಲೂ ನಮ್ಮನ್ನು ಬಿಟ್ಟಿಲ್ಲ, ಯಾಕೆಂದರೆ ಅಂದು ಅಲ್ಲಿ ಆಡಿದ ಮಾತುಗಳಲ್ಲಿ ಉತ್ತರ ಕೊಡಬೇಕಾಗಿದ್ದ ಮಾತು ಅದೊಂದೇ.

ಕತೆಗಾರರಾದ ನಮಗೆ ಈ ಭಾಷಣಗಳನ್ನು ಒಂದು ಸಾಹಿತ್ಯ ಪ್ರಕಾರವೆಂದೇ ಓದುವ ಚಟ. ಹಾಗೆ ಓದಿದರೆ ಇದರ ಕಟ್ಟು ಬಹಳ ಬೇಗ ಬಯಲಾಗುತ್ತದೆ. ಒಬ್ಬ ನಾಯಕನಿರುತ್ತಾನೆ, ಅವನು ರಿಕ್ಷಾ ಓಡಿಸುವವನ ಮಗ, ಅಥವಾ ತಳ್ಳುಗಾಡಿಯವನ ಮಗ. ಅವನು ಕಾಲದ ಗಾಳಿಯನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಾನೆ, ಸರಿಯಾದ ಕೋರ್ಸು ಸೇರುತ್ತಾನೆ, ಗೆಲ್ಲುತ್ತಾನೆ. ಅವನ ಜೊತೆಗೆ ಅದೇ ಕೋರ್ಸು ಸೇರಿ, ಅಷ್ಟೇ ಓದಿ, ಸೋತ ಮೂವತ್ತು ಹುಡುಗರು ಈ ಕತೆಯಲ್ಲಿ ಬರುವುದಿಲ್ಲ. ಪಾತ್ರಗಳನ್ನು ಹೀಗೆ ಕದ್ದುಮುಚ್ಚಿ ಬರೆದರೆ ನಮ್ಮ ಸಂಪಾದಕರು ಕತೆಯನ್ನು ವಾಪಸು ಕಳಿಸುತ್ತಾರೆ. ಶಿಬಿರದಲ್ಲಿ ಚಪ್ಪಾಳೆ ಹೊಡೆಯುತ್ತಾರೆ.

ಎರಡನೆಯ ದೋಷ ಇನ್ನೂ ದೊಡ್ಡದು. ಈ ಭಾಷಣದಲ್ಲಿ ಉದ್ಯೋಗದ ಮಾರುಕಟ್ಟೆ ಮಳೆಯಂತೆ, ಬಿಸಿಲಿನಂತೆ ತಾನಾಗಿ ಬರುವ ಸಂಗತಿ. ಮೋಡ ನೋಡಿ ಕೊಡೆ ಹಿಡಿಯುವುದಷ್ಟೇ ನಮ್ಮ ಕೆಲಸ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಇತಿಹಾಸದಲ್ಲಿ ಈ ಮಳೆಯನ್ನು ಸುರಿಸಿದವರು, ತಡೆದವರು ಮನುಷ್ಯರೇ. ಸರ್ಕಾರದ ಆದೇಶ, ತೆರಿಗೆ, ಗಡಿರೇಖೆ, ವಖಾರದ ಮಾಲೀಕ, ಕಾರ್ಖಾನೆಯ ಆಡಳಿತ ಮಂಡಳಿ ಹೀಗೆ ಪ್ರತಿಯೊಂದಕ್ಕೂ ಒಂದು ವಿಳಾಸವಿದೆ.

ಉರ್ದು ಶಾಲೆಯಲ್ಲಿ ಕಲಿತವರಿಗೆ ಪ್ರೇಮಚಂದರ 'ನಮಕ್ ಕಾ ದಾರೋಗಾ' ನೆನಪಿರಬಹುದು. ನೂರು ವರ್ಷಕ್ಕೂ ಹಿಂದಿನ ಆ ಕತೆ ಆರಂಭವಾಗುವುದೇ ಉದ್ಯೋಗದ ಮಾರುಕಟ್ಟೆಯ ವರ್ಣನೆಯಿಂದ. ಉಪ್ಪಿನ ಇಲಾಖೆ ಹೊಸದಾಗಿ ಬಂದಿದೆ. ಜನ ಪಟವಾರಿಯಂತಹ ಹುದ್ದೆಗಳನ್ನು ಬಿಟ್ಟು ಆ ಇಲಾಖೆಯ ಜವಾನನಾಗಲು ಓಡುತ್ತಿದ್ದಾರೆ. ಫಾರ್ಸಿ ಪ್ರೇಮಕಾವ್ಯ ಓದಿದವರಿಗೆ ದೊಡ್ಡ ಹುದ್ದೆ ಸಿಗುತ್ತಿದ್ದ ಕಾಲ ಅದು. ಕೆಲಸ ಹುಡುಕಲು ಹೊರಟ ಮಗನಿಗೆ ಮುದಿ ತಂದೆ ಉಪದೇಶ ಮಾಡುತ್ತಾನೆ: ಹುದ್ದೆ ನೋಡಬೇಡ, ಮೇಲಿನ ಆದಾಯ ನೋಡು. ಉರ್ದು ಕಥಾಲೋಕದಲ್ಲಿ ನಾವು ಬಲ್ಲ ಮೊದಲ ವೃತ್ತಿ ಮಾರ್ಗದರ್ಶನ ಭಾಷಣ ಇದೇ ಇರಬೇಕು. ತಂದೆಯ ಲೆಕ್ಕ ತಪ್ಪೇನಲ್ಲ, ಇಲಾಖೆಯಲ್ಲಿ ದುಡ್ಡಿತ್ತು. ಮಗ ಮಾತ್ರ ಲಂಚ ಒಲ್ಲೆನೆಂದು ಊರಿನ ಸಾಹುಕಾರನನ್ನು ಹಿಡಿದು ಹಾಕಿ ನೌಕರಿ ಕಳೆದುಕೊಳ್ಳುತ್ತಾನೆ. ಕೊನೆಗೆ ಅದೇ ಸಾಹುಕಾರ ಅವನನ್ನು ತನ್ನ ಆಸ್ತಿಯ ಮೇಲ್ವಿಚಾರಕನಾಗಿ ನೇಮಿಸಿಕೊಳ್ಳುತ್ತಾನೆ. ಇದನ್ನು ಪ್ರಾಮಾಣಿಕತೆಯ ಗೆಲುವೆಂದು ಪಾಠದಲ್ಲಿ ಹೇಳಿಕೊಟ್ಟಿದ್ದರು. ಈ ವಯಸ್ಸಿನಲ್ಲಿ ಓದಿದಾಗ ನಮಗೆ ಕಾಣುವುದು ಬೇರೆ: ಇಲಾಖೆಯನ್ನು ಕೊಳ್ಳುವವನೂ ಅವನೇ, ಪ್ರಾಮಾಣಿಕನಿಗೆ ಸಂಬಳ ಕೊಡುವವನೂ ಅವನೇ.

ಫಾರ್ಸಿಯ ಮಾತು ಬಂತು. 1837ರಲ್ಲಿ ಕಂಪನಿ ಸರ್ಕಾರ ನ್ಯಾಯಾಲಯಗಳಿಂದ ಫಾರ್ಸಿಯನ್ನು ತೆಗೆದಾಗ ಮುನ್ಷಿಗಳ ಮನೆತನಗಳು ಬೀದಿಗೆ ಬಂದವು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಹೋದ ಮೇಲೆ ಕಲಬುರ್ಗಿ, ಬೀದರ್ ಕಡೆ ಉರ್ದು ಕಚೇರಿಯ ಭಾಷೆಯಾಗಿ ಉಳಿಯಲಿಲ್ಲ. ನಮ್ಮ ಕಡೆ ಆ ದಿನ 1956ರ ನವೆಂಬರ್ 1. ಅಲ್ಲಿಯವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರಾಠಿ ಚೆನ್ನಾಗಿ ಕಲಿತರೆ ಕಾರಕೂನಿಕೆ ಖಂಡಿತ ಎಂದು ನಂಬಿದ್ದ ನಿಪ್ಪಾಣಿಯ ಹುಡುಗನಿಗೆ ಒಂದೇ ರಾತ್ರಿಯಲ್ಲಿ ಕನ್ನಡ ಬೇಕಾಯಿತು. ಅವನಿಗೆ ಇದನ್ನು ಮುಂಚಿತವಾಗಿ ಯಾರು ಹೇಳಬಹುದಿತ್ತು? 1967ರಲ್ಲಿ ಮಹಾಜನ ಆಯೋಗದ ವರದಿ ಬಂದ ಮೇಲೂ ಗಡಿ ಎತ್ತ ಹೋಗುವುದೆಂದು ಕಾದು ಕೂತವರಿದ್ದರು. ನಮ್ಮಲ್ಲಿ ಹಿರಿಯರು ಮಕ್ಕಳನ್ನು ಒಬ್ಬನನ್ನು ಮರಾಠಿ ಶಾಲೆಗೆ, ಒಬ್ಬನನ್ನು ಕನ್ನಡಕ್ಕೆ, ಒಬ್ಬಳನ್ನು ಉರ್ದುವಿಗೆ ಹಾಕುತ್ತಿದ್ದುದನ್ನು ಜನ ಅಜ್ಞಾನ ಎನ್ನುತ್ತಿದ್ದರು. ನಮಗನಿಸುವಂತೆ ಅದು ಬಡವರ ವಿಮೆ.

ಇನ್ನು ತಂಬಾಕಿಗೆ ಬರೋಣ. ನಿಪ್ಪಾಣಿ ಎಂದರೆ ಬೀಡಿ ತಂಬಾಕಿನ ಪೇಟೆ. ಸುತ್ತಲಿನ ಕಪ್ಪು ಮಣ್ಣಿನಲ್ಲಿ ಬೆಳೆದ ತಂಬಾಕು ಇಲ್ಲಿನ ವಖಾರಗಳಿಗೆ ಬಂದು, ಕುಟ್ಟಿ, ಜರಡಿಯಾಡಿ, ಹದವಾಗಿ ದೇಶದ ನಾನಾ ಕಡೆಗೆ ಹೋಗುತ್ತಿತ್ತು. ಬೆಳೆಗಾರನಿಗೆ ದರ ಸಿಗದ ಸಿಟ್ಟು 1981ರಲ್ಲಿ ಸ್ಫೋಟಗೊಂಡಿತು. ಶರದ್ ಜೋಶಿಯವರ ಶೇತಕರಿ ಸಂಘಟನೆಯ ನೇತೃತ್ವದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಏಪ್ರಿಲ್ 6ರಂದು ಗೋಲಿಬಾರು ನಡೆದು ರೈತರು ಸತ್ತರು. ಇದು ಎಲ್ಲರಿಗೂ ಗೊತ್ತಿರುವ ಕತೆ. ಅದೇ ವರ್ಷಗಳಲ್ಲಿ ಅದೇ ಊರಿನಲ್ಲಿ ನಡೆದ ಇನ್ನೊಂದು ಕತೆ ಅಷ್ಟಾಗಿ ಗೊತ್ತಿಲ್ಲ. ವಖಾರದೊಳಗೆ ತಂಬಾಕಿನ ಧೂಳು ಕುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿದರು.

ಆ ಹೆಂಗಸರ ಕುರಿತು 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ 25 ನಿಮಿಷಗಳ ಸಾಕ್ಷ್ಯಚಿತ್ರ ಬಂತು. ತೆಗೆದವರು ಯುಗಾಂತರ್ ಎಂಬ ತಂಡ: ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್. ಅವರು ನಾಲ್ಕು ತಿಂಗಳು ಈ ಹೆಂಗಸರ ಜೊತೆ ಕಳೆದು, ಅವರು ಹೇಳಿದ್ದನ್ನು ಕೇಳಿ, ನಡೆದುಹೋದ ಘಟನೆಗಳನ್ನು ಅವರಿಂದಲೇ ಮತ್ತೆ ಮಾಡಿಸಿ ಚಿತ್ರ ಕಟ್ಟಿದರು. ಬಹಳ ವರ್ಷ ಮರೆತುಹೋಗಿದ್ದ ಆ ಚಿತ್ರವನ್ನು ಬರ್ಲಿನ್‌ನ ಆರ್ಸೆನಲ್ ಸಂಸ್ಥೆಯ ನೆರವಿನಿಂದ ಮತ್ತೆ ಸರಿಪಡಿಸಲಾಯಿತು. ನಿಪ್ಪಾಣಿಯ ಧೂಳನ್ನು ಒರೆಸಲು ಬರ್ಲಿನ್ ಬೇಕಾಯಿತು ಎಂಬುದು ನಮ್ಮ ಬಗ್ಗೆ ಏನನ್ನೋ ಹೇಳುತ್ತದೆ. ಇದೇ ಹೆಂಗಸರ ಬಗ್ಗೆ ಛಾಯಾ ದಾತಾರ್ ಬರೆದ ಇಂಗ್ಲಿಷ್ ಅಧ್ಯಯನ 1989ರಲ್ಲಿ ಪುಸ್ತಕವಾಗಿ ಬಂದಿದೆ. ಕನ್ನಡದಲ್ಲಿ ನಮ್ಮ ಕತೆಗಾರರು ಏನು ಬರೆದೆವು? ತಲಾಖ್ ಬರೆದೆವು, ಗಲಭೆ ಬರೆದೆವು, ವರದಕ್ಷಿಣೆ ಬರೆದೆವು. ಹೆಂಗಸರು ಮೊರ ಹಿಡಿದು ಕೂತಿರುವ ಚಿತ್ರವನ್ನು ಕತೆಯ ಮೊದಲ ಸಾಲಿನಲ್ಲಿ ಬಡತನದ ಗುರುತಾಗಿ ಇಟ್ಟು ಮುಂದೆ ಹೋದೆವು. ಸಾವಿರ ಬೀಡಿಗೆ ಎಷ್ಟು ಕೊಡುತ್ತಾರೆ, ಎಷ್ಟನ್ನು ಸರಿಯಿಲ್ಲವೆಂದು ತೆಗೆದು ಹಾಕುತ್ತಾರೆ, ಹಾಗೆ ತೆಗೆದ ಬೀಡಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಯಾವ ಕತೆಯಲ್ಲೂ ಲೆಕ್ಕ ಹಾಕಲಿಲ್ಲ. ನಮ್ಮ ಕತೆಗಳೂ ಇದಕ್ಕೆ ಹೊರತಲ್ಲ.

ಚಿತ್ರವನ್ನು ನಾವು ಇಲ್ಲಿ ತಂದಿರುವುದಕ್ಕೆ ಕಾರಣವಿದೆ. ಆ ಹೆಂಗಸರಿಗೆ ಯಾವ ಮಾರ್ಗದರ್ಶಕನೂ ಬಂದು, ತಂಬಾಕಿಗೆ ಭವಿಷ್ಯವಿಲ್ಲ, ಬೇರೆ ಕೌಶಲ್ಯ ಕಲಿಯಿರಿ ಎನ್ನಲಿಲ್ಲ. ಅಂದಿದ್ದರೂ ಕಲಿಯಲು ಅವರಿಗೆ ಸಮಯವಾಗಲಿ ದುಡ್ಡಾಗಲಿ ಇರಲಿಲ್ಲ. ಅವರು ಕೆಲಸ ಬದಲಿಸಲಿಲ್ಲ, ಕೆಲಸದ ಷರತ್ತು ಬದಲಿಸಿದರು. ಕೂಲಿ, ಗಂಟೆ, ಮೇಲ್ವಿಚಾರಕನ ಬಾಯಿ, ಕೆಲಸದಿಂದ ತೆಗೆಯುವ ರೀತಿ ಇವೆಲ್ಲ ಮಾತಾಡಿ ಬದಲಿಸಬಹುದಾದ ವಿಷಯಗಳೆಂದು ಕಂಡುಕೊಂಡರು. ವೃತ್ತಿಯನ್ನು ನಿಭಾಯಿಸುವುದು ಎಂದರೆ ಒಬ್ಬೊಬ್ಬನೇ ಹಡಗಿನಿಂದ ಹಡಗಿಗೆ ಹಾರುವುದಷ್ಟೇ ಅಲ್ಲ ಎಂಬ ಮಾತು ಆ 25 ನಿಮಿಷಗಳಲ್ಲಿ ಇರುವಷ್ಟು ನಾವು ಕೇಳಿದ ಯಾವ ಭಾಷಣದಲ್ಲೂ ಇಲ್ಲ.

ಆದರೆ ಚಿತ್ರವನ್ನೂ ಪೂರ್ತಿ ಒಪ್ಪಿಕೊಳ್ಳಲಾಗದು. ಅದು ಕಾರ್ಖಾನೆಯೊಳಗಿನ ಹೆಂಗಸರ ಚಿತ್ರ. ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವವರು ಅದರ ನಡುವೆ ಇಲ್ಲ. ನಮ್ಮ ಮನೆಗಳ ಹೆಂಗಸರು ಹೆಚ್ಚಾಗಿ ಇದ್ದದ್ದು ಆ ಜಗಲಿಯಲ್ಲಿ. ಕಾರ್ಖಾನೆಯ ಬಾಗಿಲಲ್ಲಿ ನೂರು ಜನ ಸೇರಬಹುದು, ಜಗಲಿಯಲ್ಲಿ ಅತ್ತೆ-ಸೊಸೆ ಇಬ್ಬರೇ. 2006ರ ಸಾಚಾರ್ ಸಮಿತಿ ವರದಿ ಮುಸ್ಲಿಮರು ಮನೆಯಲ್ಲೇ ಕೂತು ಮಾಡುವ ಕೆಲಸಗಳಲ್ಲಿ, ವಿಶೇಷವಾಗಿ ತಂಬಾಕಿನ ಕೆಲಸದಲ್ಲಿ, ತಮ್ಮ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಿದ್ದಾರೆ ಎಂದು ತೋರಿಸಿತು. ಅಂದರೆ ಸಂಘ ಕಟ್ಟಲು ಅತ್ಯಂತ ಕಷ್ಟವಾದ ಜಾಗದಲ್ಲಿ ನಮ್ಮವರು ಅತ್ಯಂತ ಹೆಚ್ಚಾಗಿದ್ದರು.

ಬೀಡಿಯ ಇಳಿತವನ್ನು ಮುಂಚೆಯೇ ಕಾಣಬಹುದಿತ್ತೆ? ಕಾಣಬಹುದಿತ್ತು, ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧವಾಯಿತು. ಮರುವರ್ಷ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರ ಬಂತು, 2016ರಲ್ಲಿ ಆ ಚಿತ್ರ ಕಟ್ಟಿನ ಶೇ. 85 ಭಾಗವನ್ನು ತುಂಬಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಗೆ ಶೇ. 28 ತೆರಿಗೆ ಬಿತ್ತು. ಇವು ಒಂದಾದ ಮೇಲೊಂದು ಹಾಕಿದ ಮೆಟ್ಟಿಲುಗಳು, ಕತ್ತಲೆಯಲ್ಲಿ ಬಂದ ಬಿರುಗಾಳಿಯಲ್ಲ. ಬೀಡಿಯಿಂದ ಜನ ಸಾಯುತ್ತಾರೆ, ಕಟ್ಟುವವರ ಎದೆಗೂ ಅದು ಒಳ್ಳೆಯದಲ್ಲ ಎಂಬುದನ್ನು ಅಲ್ಲಗಳೆಯುವ ಮೂರ್ಖತನ ನಮಗಿಲ್ಲ. ಆದರೆ ಇದೇ ಜಿಎಸ್‌ಟಿಯ ಜೊತೆಗೆ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. 1976ರ ಕಾಯ್ದೆಯ ಪ್ರಕಾರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಸೇರುತ್ತಿದ್ದ ಸೆಸ್ ನಿಂತುಹೋಯಿತು. ಕಾರ್ಮಿಕರ ಆಸ್ಪತ್ರೆ, ಅವರ ಮಕ್ಕಳ ವಿದ್ಯಾರ್ಥಿವೇತನ ಇವೆಲ್ಲ ಅದರಿಂದ ನಡೆಯುತ್ತಿದ್ದವು. ಈಗ ಅವು ಸರ್ಕಾರದ ಸಾಮಾನ್ಯ ಬಜೆಟ್ಟಿನ ಕೃಪೆಯಲ್ಲಿವೆ. ಬೀಡಿ ಬಿಟ್ಟು ಬೇರೆ ಕಡೆ ಹೋಗಿ ಎಂದು ಹೇಳುವ ಸರ್ಕಾರ, ಹೋಗುವ ದಾರಿಗೆಂದೇ ಮೀಸಲಿಟ್ಟಿದ್ದ ಚೀಲದ ಬಾಯಿ ಕಟ್ಟಿತು. ನಿಪ್ಪಾಣಿಯ ಶಿಬಿರದ ಗೋಡೆಯ ಮೇಲೆ ಮೂಡಿದ ಗೆರೆಗಳಲ್ಲಿ ಇದರ ಗೆರೆ ಇರಲಿಲ್ಲ.

ಈಗ ನಮ್ಮದೇ ತಪ್ಪಿನ ಕತೆ. ನಮ್ಮ ಅಕ್ಕ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಮಗಳನ್ನು ಪಿಯುಸಿವರೆಗೆ ತಂದಳು. 2007ರಲ್ಲಿ, ಮುಂದೇನು ಎಂದು ನಮ್ಮನ್ನೇ ಕೇಳಿದಳು, ಕುಟುಂಬದಲ್ಲಿ ಓದಿದವರೆಂದರೆ ನಾವೇ. ಆಗ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಎತ್ತ ನೋಡಿದರೂ ಡಿ.ಎಡ್ ಕಾಲೇಜಿನ ಬೋರ್ಡು. ಅದಕ್ಕೂ ಮೊದಲಿನ ವರ್ಷಗಳಲ್ಲಿ ರಾಜ್ಯ ಸರ್ಕಾರ ಪ್ರಾಥಮಿಕ ಶಿಕ್ಷಕರನ್ನು ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಂಡಿತ್ತು, ಟಿಸಿಎಚ್ ಮಾಡಿದ ನಮ್ಮ ಗೆಳೆಯರೆಲ್ಲ ಮಾಸ್ತರರಾಗಿದ್ದರು. ನಾವು ಕಂಡದ್ದನ್ನೇ ಭವಿಷ್ಯ ಎಂದುಕೊಂಡು ಡಿ.ಎಡ್ ಮಾಡಿಸು ಎಂದೆವು. ಅಕ್ಕ ಬಳೆ ಮಾರಿ ಗಡಿಭಾಗದ ಒಂದು ಖಾಸಗಿ ಕಾಲೇಜಿಗೆ ಡೊನೇಶನ್ ಕಟ್ಟಿದಳು. ಹುಡುಗಿ 2009ರಲ್ಲಿ ಪಾಸಾದಳು. ಅದೇ ವರ್ಷ ಶಿಕ್ಷಣ ಹಕ್ಕು ಕಾಯ್ದೆ ಬಂತು, ಅದರ ಬೆನ್ನಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಕಡ್ಡಾಯವಾಯಿತು. ಕರ್ನಾಟಕದಲ್ಲಿ ಅದು 2014ರಲ್ಲಿ ನಡೆಯಿತು. 2017ರ ನಂತರ ಆರರಿಂದ ಎಂಟನೇ ತರಗತಿಗೆ ಪದವೀಧರರೇ ಬೇಕೆಂದಾಯಿತು. ಪಿಯುಸಿ ಮೇಲೆ ಡಿ.ಎಡ್ ಮಾಡಿದವರಿಗೆ ಉಳಿದ ಬಾಗಿಲು ಕಿರಿದಾಯಿತು. ಅವಳು ಓದಿದ ಕಾಲೇಜು ಬಾಗಿಲು ಹಾಕಿ ವರ್ಷಗಳಾದವು. ರಾಜ್ಯದ ಉದ್ದಗಲಕ್ಕೂ ಅಂಥ ಕಾಲೇಜುಗಳು ಮುಚ್ಚಿದವು. ಕಟ್ಟಡಗಳು ಬೇರೆ ಬೋರ್ಡು ಹಾಕಿಕೊಂಡವು. ಸಂಸ್ಥೆಯವರಿಗೆ ನಷ್ಟವಾಗಲಿಲ್ಲ. ಅವಳು ಅತಿಥಿ ಶಿಕ್ಷಕಿ. ಶಾಲೆ ಶುರುವಾದಾಗ ಕರೆಯುತ್ತಾರೆ, ಮಾರ್ಚಿಗೆ ಬಿಡುತ್ತಾರೆ. ಎರಡು ತಿಂಗಳು ಅವ್ವನ ಜೊತೆ ಮೊರ ಹಿಡಿಯುತ್ತಾಳೆ.

"ಮಾಮು, ನೀವು ಕೆಟ್ಟದ್ದು ಬಯಸಿ ಹೇಳಲಿಲ್ಲವಲ್ಲ" ಎಂದು ಒಮ್ಮೆ ಅವಳೇ ಸಮಾಧಾನ ಹೇಳಿದಳು. ನಿಪ್ಪಾಣಿಯ ಹೆಂಗಸು ಕೇಳಿದ ಪ್ರಶ್ನೆ ನಮ್ಮನ್ನು ಇರಿದದ್ದು ಯಾಕೆಂದು ಓದುಗರಿಗೆ ಈಗ ತಿಳಿಯಬಹುದು. ಫೀಸು ಭರ್ತಿ ಮಾಡಿಕೊಡದವರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ.

ನಾವು ಎಲ್ಲಿ ಎಡವಿದೆವು ಎಂದು ಆಮೇಲೆ ಬಹಳ ಯೋಚಿಸಿದ್ದೇವೆ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿದ್ದೆವು, ಎಷ್ಟು ಜನ ಆಗಲೇ ಆ ಗಾಳಿಗೆ ಹಾಯಿ ಬಿಚ್ಚಿದ್ದಾರೆ ಎಂದು ಎಣಿಸಲಿಲ್ಲ. ಪ್ರತಿ ವರ್ಷ ಎಷ್ಟು ಸೀಟು, ಎಷ್ಟು ಹುದ್ದೆ ಎಂಬ ಎರಡೇ ಅಂಕಿಗಳನ್ನು ಅಕ್ಕಪಕ್ಕ ಇಟ್ಟಿದ್ದರೆ ಸಾಕಿತ್ತು. ಒಂದು ವಿಷಯ ಊರಿನ ಬಸ್‌ಸ್ಟ್ಯಾಂಡಿನ ಬೋರ್ಡಿಗೆ ಬಂತೆಂದರೆ ಅದರ ಸುಗ್ಗಿ ಮುಗಿಯುತ್ತ ಬಂದಿದೆ ಎಂದೇ ಅರ್ಥ. ಟೈಪಿಂಗ್ ಕ್ಲಾಸು ಹೀಗೆಯೇ ಹೋಯಿತು. ಎಸ್‌ಟಿಡಿ ಬೂತು ಹೋಯಿತು. ನಮ್ಮ ಭಾಯಿಜಾನ್ ಚಿಕ್ಕೋಡಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸಾಗಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸುವ ಹೊತ್ತಿಗೆ ಕಚೇರಿಗಳಿಗೆ ಕಂಪ್ಯೂಟರ್ ಬಂದಿತ್ತು. ಆದರೆ ಬೆರಳಿನ ವೇಗ ಮಾತ್ರ ಅವನನ್ನು ಕೈಬಿಡಲಿಲ್ಲ. ಡಿಟಿಪಿ ಕಲಿತು ಇಂದಿಗೂ ಮದುವೆ ಪತ್ರಿಕೆ, ಕೋರ್ಟಿನ ಅರ್ಜಿ ಮಾಡಿಕೊಡುತ್ತಾನೆ. ಯಂತ್ರ ಸತ್ತಿತು, ಕೈ ಉಳಿಯಿತು. ಕೃತಕ ಬುದ್ಧಿಮತ್ತೆಯ ಬೋರ್ಡುಗಳು ಈಗ ಅಥಣಿಯಲ್ಲೂ ಕಾಣತೊಡಗಿವೆ ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿ ಮುಂದೆ ಹೋಗುತ್ತೇವೆ.

ಅಥಣಿಯ ಹೆಸರು ಬಂದ ಮೇಲೆ ಚಪ್ಪಲಿಯನ್ನು ಬಿಡಲಾಗದು. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯ ದೊಡ್ಡ ಪಾಲು ತಯಾರಾಗುವುದು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ದಲಿತ ಕೇರಿಗಳಲ್ಲಿ. ಗಂಡಸರು ಚರ್ಮ ಕತ್ತರಿಸಿ ಅಟ್ಟೆ ಕೂಡಿಸುತ್ತಾರೆ, ಹೆಂಗಸರು ಹೊಲಿಗೆ, ಹೆಣಿಗೆ ಮಾಡುತ್ತಾರೆ. 2019ರಲ್ಲಿ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೂ ಆ ಕೇರಿಗಳ ಹುಡುಗರು ಕಸುಬು ಬಿಡುತ್ತಲೇ ಇದ್ದರು. ಮೊದಲ ಕಾರಣ ಆ ಕಸುಬಿಗೆ ಅಂಟಿದ ಜಾತಿಯ ಅವಮಾನ, ಎರಡನೆಯದು ಗಳಿಕೆ. ಜೊತೆಗೆ 2015ರಲ್ಲಿ ಮಹಾರಾಷ್ಟ್ರದಲ್ಲಿ, 2021ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಗೋಹತ್ಯೆ ಕಾಯ್ದೆಗಳಿಂದ ಚರ್ಮ ದುಬಾರಿಯಾಯಿತೆಂದು ಕುಶಲಕರ್ಮಿಗಳು ಹೇಳುತ್ತಲೇ ಬಂದಿದ್ದಾರೆ. ಕಟುಕನ ಅಂಗಡಿ ಮುಚ್ಚಿದರೆ ಸಮಗಾರನ ಅಂಗಡಿಯೂ ನಡುಗುತ್ತದೆ. ಈ ನಂಟನ್ನು ನಮ್ಮ ಎರಡು ಸಮುದಾಯಗಳು ಸಭೆಗಳಲ್ಲಿ ಮಾತಾಡಿದ್ದು ಕಡಿಮೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿಯನ್ನು, ಮೂಲ ಹೇಳದೆ, ತನ್ನ ರೂಪದರ್ಶಿಗಳ ಕಾಲಿಗೆ ತೊಡಿಸಿತು. ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೋಡಿ ಮಾಡಿಸಿ ಜೋಡಿಗೆ ಸುಮಾರು 800 ಯೂರೋಗೆ ಮಾರುವುದಾಗಿ ಹೇಳಿತು. 2024ರ ಯಾವ ಶಿಬಿರದಲ್ಲಿ ಯಾವ ತಜ್ಞ ಚಪ್ಪಲಿ ಹೊಲಿಯುವುದನ್ನು ಮೇಲೇರುವ ಗೆರೆಯಲ್ಲಿ ತೋರಿಸಿದ್ದ? ಹಾಗೆಂದು ಈಗ ಎಲ್ಲರೂ ಚಪ್ಪಲಿಗೆ ಓಡಿ ಎಂದು ಹೇಳುವವರಿಗೂ ನಾವು ಕೈ ಮುಗಿಯುತ್ತೇವೆ. 2,000 ಜೋಡಿ ಎಂದರೆ ಎಷ್ಟು ಮನೆಗೆ ಎಷ್ಟು ದಿನದ ಕೆಲಸ, 800 ಯೂರೋದಲ್ಲಿ ಅಥಣಿಗೆ ಎಷ್ಟು ಎಂದು ಮೊದಲು ಕೇಳಬೇಕು.

ಸಕ್ಕರೆಯದೂ ಇದೇ ಕತೆ, ಚುಟುಕಾಗಿ ಹೇಳುತ್ತೇವೆ. ಕೃಷ್ಣೆಯ ನೀರಿನಿಂದ ಕಾಗವಾಡ, ಅಥಣಿ, ರಾಯಬಾಗ ಕಬ್ಬಿನ ನಾಡಾದವು. ಉಗಾರಿನ ಕಾರ್ಖಾನೆ ಸ್ವಾತಂತ್ರ್ಯಕ್ಕೂ ಹಿಂದಿನದು. ಈಚೆಗೆ ಇಥೆನಾಲ್ ಎಂದರೆ ಚಿನ್ನ ಎಂಬ ಮಾತು ಹುಟ್ಟಿ, ರಸಾಯನಶಾಸ್ತ್ರ ಓದಿದ ಹುಡುಗರು ಕನಸು ಕಂಡರು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಇಥೆನಾಲ್ ಮಾಡುವುದನ್ನು ಒಂದೇ ಆದೇಶದಲ್ಲಿ ತಡೆಯಿತು, 2024ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ಟಿತು. ಎಂಟು-ಒಂಬತ್ತು ತಿಂಗಳಲ್ಲಿ ಭವಿಷ್ಯ ಎರಡು ಸಲ ಬದಲಾಯಿತು. ಮುಸ್ಲಿಂ ಹುಡುಗರಿಗೆ ಇಂಥ ಇನ್ನೊಂದು ಪಾಠ 2023ರ ಮಾರ್ಚ್‌ನಲ್ಲಿ ಸಿಕ್ಕಿತ್ತು. 2ಬಿ ಅಡಿಯಲ್ಲಿದ್ದ ಶೇ. 4 ಮೀಸಲಾತಿಯನ್ನು ಆಗಿನ ರಾಜ್ಯ ಸರ್ಕಾರ ರದ್ದು ಮಾಡಿ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಜಾರಿಯಾಗದೆ ನಿಂತಿತು. ಆ ವಾರಗಳಲ್ಲಿ ನೇಮಕಾತಿಗೆ ಅರ್ಜಿ ತುಂಬುತ್ತಿದ್ದ ಹುಡುಗರು ಯಾವ ಕಾಲಂನಲ್ಲಿ ಏನು ಬರೆಯಬೇಕೆಂದು ಸೈಬರ್ ಅಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದ್ದನ್ನು ನಾವು ಕಂಡಿದ್ದೇವೆ. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ, ಬೆಳಗಾವಿ ಜಿಲ್ಲೆಗೆ ಅದೂ ಇಲ್ಲ.

ಹಾಗಾದರೆ ಮುಂದಾಲೋಚನೆಯೇ ಬೇಡವೆ, ಎಲ್ಲ ನಸೀಬು ಎಂದು ಕೂರಬೇಕೆ ಎಂದು ಯಾರಾದರೂ ಕೇಳಿದರೆ, ಖಂಡಿತ ಅಲ್ಲ. ನಮ್ಮ ಮೊಹಲ್ಲಾಗಳಲ್ಲಿ ಸೋಮಾರಿತನಕ್ಕೆ ನಸೀಬಿನ ಹೊದಿಕೆ ಹೊದಿಸುವವರ ಮೇಲೆ ನಮಗೆ ಭಾಷಣಕಾರರ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟಿದೆ. ಭಾಷಣಕಾರ ಕನಿಷ್ಠ ಪ್ರವಾಸದ ಆಯಾಸ ಪಡುತ್ತಾನೆ. ನಮ್ಮ ತಕರಾರು ಬೇರೆ. ಐದು ವರ್ಷದ ಆಚೆಯ ಜಗತ್ತನ್ನು ತೋರಿಸುವ ಬದಲು ಐವತ್ತು ಕಿಲೋಮೀಟರ್ ಸುತ್ತಳತೆಯನ್ನು ತೋರಿಸಿ ಎನ್ನುತ್ತೇವೆ. ನಿಪ್ಪಾಣಿಯಿಂದ ಹೆದ್ದಾರಿಯಲ್ಲಿ ಅರ್ಧ ಗಂಟೆ ಹೋದರೆ ಕಾಗಲ್‌ನ ಎಂಐಡಿಸಿ. ಅಲ್ಲಿನ ಕಾರ್ಖಾನೆಗಳಿಗೆ ಈಗ ಯಾವ ಕೈ ಬೇಕು, ಐಟಿಐ ಪ್ರಮಾಣಪತ್ರಕ್ಕೆ ಎಂಥ ಮಾನ್ಯತೆ ಇದ್ದರೆ ಒಳಗೆ ಬಿಡುತ್ತಾರೆ, 1961ರ ಕಾಯ್ದೆಯಂತೆ ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಹೋಗಿ ಕೇಳಿ ಬರುವುದು ಒಂದು ದಿನದ ಕೆಲಸ. ಕಾಗವಾಡದವರಿಗೆ ಮಿರಜ್ ಹತ್ತಿರ. ಅದು ಆಸ್ಪತ್ರೆಗಳ ಊರು. ನರ್ಸಿಂಗ್ ಕೋರ್ಸು ಸೇರುವ ಮುನ್ನ ಅದಕ್ಕೆ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದೆಯೇ ಎಂದು ನೋಡಬೇಕೆಂದು ಎಷ್ಟು ಹೆಣ್ಣುಮಕ್ಕಳಿಗೆ ಹೇಳಿದ್ದೇವೆ? ಸರ್ಕಾರಿ ನೌಕರಿಯ ಆಸೆ ಇದ್ದವರು ಆ ಹುದ್ದೆಯ ವೃಂದ ಮತ್ತು ನೇಮಕಾತಿ ನಿಯಮವನ್ನು ಓದಬೇಕು. ಅದು ರಾಜ್ಯಪತ್ರದಲ್ಲಿ ಕನ್ನಡದಲ್ಲೇ ಬರುತ್ತದೆ, ತಿದ್ದುಪಡಿಯ ಕರಡು ಬಂದಾಗ ಆಕ್ಷೇಪಣೆಗೆ ಸಮಯವನ್ನೂ ಕೊಡುತ್ತಾರೆ. ಪದವೀಧರರೇ ಬೇಕೆಂಬ ನಿಯಮವೂ ಹೀಗೆ ಕಾಗದದ ಮೇಲೆ ಬಂದದ್ದೇ. ಅದನ್ನು ನಾವ್ಯಾರೂ ಓದಲಿಲ್ಲ, ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕೋರ್ಸಿನ ಬಗ್ಗೆಯೂ ಅದನ್ನು ಮಾರುವವರನ್ನು ಕೇಳದೆ, ಐದು ವರ್ಷದ ಹಿಂದೆ ಅದನ್ನು ಕೊಂಡವರನ್ನು ಕೇಳಬೇಕು. ಮುಂದಿನ ಬೇಸಿಗೆಯ ಶಿಬಿರಕ್ಕೆ ನಮ್ಮನ್ನು ಕರೆಯಲು ಬಂದ ಹುಡುಗರಿಗೆ ಇದೇ ಷರತ್ತು ಹಾಕಿದೆವು. ಡಿ.ಎಡ್ ಮಾಡಿ ಕೂತವರು, ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವರು, ಕಾಗಲ್‌ಗೆ ಪಾಳಿ ಕೆಲಸಕ್ಕೆ ಹೋಗುವವರು, ಅಥಣಿಯಲ್ಲಿ ಚಪ್ಪಲಿ ಹೊಲಿಯುವವರು ವೇದಿಕೆಯ ಮೇಲೆ ಕೂರಲಿ, ತಜ್ಞರು ಕೆಳಗೆ ಕೂತು ಬರೆದುಕೊಳ್ಳಲಿ ಎಂದೆವು. ಹುಡುಗರು ತಲೆ ಕೆರೆದುಕೊಂಡರು. "ಸರ್ರ, ಸೋತವರನ್ನ ಕರದ್ರ ಮಕ್ಕಳ ಧೈರ್ಯ ಕುಂದತೈತ್ರಿ" ಎಂದ ಒಬ್ಬ. ಇನ್ನೊಬ್ಬ, ಶಾಲು ಯಾರಿಗೆ ಹೊದಿಸುವುದು ಎಂದು ಕೇಳಿದ. ಕೊನೆಗೆ ನಾಲ್ವರನ್ನು ಕರೆಯಲು ಒಪ್ಪಿದ್ದಾರೆ. ಅವರಲ್ಲಿ ನಮ್ಮ ಭಾಂಜಿ ಒಬ್ಬಳು. ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ: "ಅವತ್ತು ಶಾಲೆಗೆ ರಜೆ ಹಾಕಿದ್ರ ಸಂಬಳ ಕಡಿತಾರ, ಮಾಮು. ಅದನ್ನ ಯಾರ್ ಕೊಡ್ತಾರ?" ಕಮಿಟಿಯವರಿಂದ ಇನ್ನೂ ಉತ್ತರ ಬಂದಿಲ್ಲ.